ಮಗು ಯಾವ ಮಗ್ಗುಲಲ್ಲಿ ಮಲಗುತ್ತದೆ?

ಮಕ್ಕಳಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತೂಕ ಎಷ್ಟು, ನೆಗಡಿ ಕೆಮ್ಮು ಇದೆಯಾ, ಹಿಂದೆ ಆಪರೇಷನ್ ಆಗಿತ್ತಾ, ಯಾವುದಾದರೂ ಔಷಧಿ ಒಗ್ಗಲ್ವಾ. ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಇರುವ ಮಗು ಬಂದರೆ ಮಾತ್ರ ಇವೆಲ್ಲಕ್ಕಿಂತ ಮೊದಲು ಅಮ್ಮನಿಗೆ ಬೇರೆಯೇ ಒಂದು ಪ್ರಶ್ನೆ ಕೇಳುತ್ತೇನೆ. ರಾತ್ರಿ ಮಗು ಹೇಗೆ ಮಲಗುತ್ತೆ?

ಫೈಲಿನಲ್ಲಿ ಎಕೋ ರಿಪೋರ್ಟ್ ಇರುತ್ತದೆ. ಹೊಟ್ಟೆಯ ಸ್ಕ್ಯಾನ್ ಇರುತ್ತದೆ. ಅದೃಷ್ಟವಿದ್ದರೆ ಜೆನೆಟಿಕ್ ಟೆಸ್ಟಿನ ರಿಪೋರ್ಟೂ ಇರುತ್ತದೆ. ಮಗು ಮಲಗುವ ರೀತಿ ಎಲ್ಲಿಯೂ ಬರೆದಿರುವುದಿಲ್ಲ. ಅದು ಗೊತ್ತಿರುವುದು ಪಕ್ಕದಲ್ಲಿ ಅರೆನಿದ್ದೆಯಲ್ಲಿ ರಾತ್ರಿ ಕಳೆಯುವವರಿಗೆ. ನನಗೆ ಬೇಕಾದ ಅತಿ ಮುಖ್ಯ ಮಾಹಿತಿ ಅಲ್ಲೇ ಇದೆ ಎಂದು ನಾನು ನಂಬುತ್ತೇನೆ. ಯಾಕೆ ಅಂತ ಹೇಳಲು ಈ ಬರಹ. ಇಲ್ಲಿ ಬರುವ ಮಗುವಿನ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಈ ಕಾಯಿಲೆ ಏನು ಅಂತ ಸ್ವಲ್ಪ ಹೇಳಬೇಕು. 1963ರಲ್ಲಿ ಅಮೆರಿಕದ ಬ್ರೂಸ್ ಬೆಕ್‌ವಿತ್ ಎಂಬ ಪೆಥಾಲಜಿಸ್ಟ್, 1964ರಲ್ಲಿ ಜರ್ಮನಿಯ ಹಾನ್ಸ್-ರುಡಾಲ್ಫ್ ವೀಡೆಮನ್ ಎಂಬ ಮಕ್ಕಳ ವೈದ್ಯರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದನ್ನು ವಿವರಿಸಿದರು. ದೊಡ್ಡ ದೇಹ, ದೊಡ್ಡ ನಾಲಿಗೆ, ಹೊಕ್ಕುಳಿನ ಹತ್ತಿರ ಹೊಟ್ಟೆಯ ಗೋಡೆ ಸರಿಯಾಗಿ ಮುಚ್ಚಿಕೊಳ್ಳದೆ ಇರುವುದು, ಇವು ಮೂರೂ ಆಗ ಕಣ್ಣಿಗೆ ಬಿದ್ದ ಲಕ್ಷಣಗಳು. ಲಿವರ್, ಕಿಡ್ನಿ, ಮೇದೋಜೀರಕ ಗ್ರಂಥಿ ದೊಡ್ಡದಿರುತ್ತವೆ. ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದಪ್ಪವಾಗಿ ಬೆಳೆಯಬಹುದು. ಕಿವಿಯ ಹಾಲೆಯ ಮೇಲೆ ಗೆರೆ ಎಳೆದಂತೆ ಸಣ್ಣ ಮಡಿಕೆ, ಕಿವಿಯ ಹಿಂದೆ ಪುಟ್ಟ ಗುಳಿ. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ. ಕೆಲವರಲ್ಲಿ ತುಂಬ ಸ್ಪಷ್ಟ, ಕೆಲವರಲ್ಲಿ ಹುಡುಕಬೇಕು.

ಅಪರೂಪ ಅಂತ ಹೇಳುತ್ತೇವೆ. ಸುಮಾರು 10,000 ಹುಟ್ಟಿಗೆ ಒಂದು ಮಗು ಅನ್ನುವುದು ಈಗಿನ ಅಂದಾಜು. ಆದರೆ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಲೆಕ್ಕ ಹಾಕಿದರೆ ಅದೇನೂ ಬೆರಳೆಣಿಕೆಯಷ್ಟಲ್ಲ. ಯಾವುದೋ ತಾಲ್ಲೂಕು ಆಸ್ಪತ್ರೆಯ ಓಟಿಗೆ ಹರ್ನಿಯಾ ಅಂತ ಬರುವ ಮಗುವೂ ಇದೇ ಇರಬಹುದು.

ಗುರುತಿಸುವುದು ತಡವಾಗಲು ಇನ್ನೊಂದು ಕಾರಣ ಇದೆ. ನಮ್ಮಲ್ಲಿ ಮಗು ದೊಡ್ಡದಾಗಿ ಹುಟ್ಟಿದರೆ ಎಲ್ಲರಿಗೂ ಖುಷಿ. ನಾಲ್ಕು ಕೆಜಿ ಅಂದರೆ ಬಾಣಂತಿಯ ಮಂಚದ ಸುತ್ತ ಹೆಮ್ಮೆ. ಗುಂಡು ಗುಂಡಾಗಿದೆ, ದೃಷ್ಟಿ ಆಗತ್ತೆ ಅಂತ ಕೆನ್ನೆಗೊಂದು ಕಪ್ಪು ಬೊಟ್ಟು. ನಾಲಿಗೆ ಹೊರಗೆ ಇಣುಕುತ್ತಿದ್ದರೆ ಹಾಲಿಗೆ ಚಪ್ಪರಿಸುತ್ತಿದೆ ಅಂತ ನಗು. ಹಾಲು ಕುಡಿಯುವಾಗ ಉಸಿರು ಕಟ್ಟತೊಡಗಿದ ಮೇಲೆ ಆ ನಗು ನಿಲ್ಲುತ್ತದೆ. ಆಮೇಲೆ ತಾಯಿಯ ವಿಚಾರಣೆ ಶುರು. ಗ್ರಹಣದ ದಿನ ಹೊರಗೆ ಬಂದಿದ್ಯಾ? ಬಸುರಿಯಲ್ಲಿ ಏನು ತಿಂದೆ?

ಇದಕ್ಕೆ ಉತ್ತರ ಗಟ್ಟಿಯಾಗಿ ಹೇಳಬೇಕು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಊಟಕ್ಕೂ ಇಲ್ಲ. ನಮ್ಮ ಪ್ರತಿ ಕ್ರೋಮೋಸೋಮಿನಲ್ಲೂ ಅಪ್ಪನಿಂದ ಬಂದ ಒಂದು ಪ್ರತಿ, ಅಮ್ಮನಿಂದ ಬಂದ ಒಂದು ಪ್ರತಿ ಇರುತ್ತದೆ. 11ನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ವಿಶೇಷ ಏರ್ಪಾಡಿದೆ. ಬೆಳವಣಿಗೆಗೆ ಒತ್ತು ಕೊಡುವ ಐಜಿಎಫ್-2 ಜೀನ್ ಅಪ್ಪನ ಪ್ರತಿಯಿಂದ ಮಾತ್ರ ಕೆಲಸ ಮಾಡುತ್ತದೆ. ಬೆಳವಣಿಗೆಯನ್ನು ಹಿಡಿದಿಡುವ ಇನ್ನೊಂದು ಜೀನ್ ಅಮ್ಮನ ಪ್ರತಿಯಿಂದ. ಈ ಸಮತೋಲ ಕೆಟ್ಟರೆ ಬೆಳವಣಿಗೆ ಅತಿಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಗರ್ಭ ಕಟ್ಟಿದ ಆರಂಭದ ದಿನಗಳಲ್ಲಿ ತಾನಾಗಿ ಆಗುವ ಬದಲಾವಣೆ. ಎಷ್ಟೋ ಸಲ ಕೆಲವು ಜೀವಕೋಶಗಳಲ್ಲಿ ಮಾತ್ರ ಆಗಿರುತ್ತದೆ. ಒಂದೇ ಕಾಲು ದಪ್ಪವಾಗುವುದು, ರಕ್ತದ ಪರೀಕ್ಷೆ ಕೆಲವೊಮ್ಮೆ ನಾರ್ಮಲ್ ಬರುವುದು ಇದೇ ಕಾರಣಕ್ಕೆ. ಸ್ವಲ್ಪ ಕುಟುಂಬಗಳಲ್ಲಿ ಮಾತ್ರ ಇದು ವಂಶದಲ್ಲಿ ಬರುತ್ತದೆ. ಅದಕ್ಕೇ ಮುಂದಿನ ಮಗುವಿನ ಯೋಚನೆ ಇರುವವರು ಜೆನೆಟಿಕ್ಸ್ ಸಲಹೆ ಪಡೆಯಬೇಕು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳಿವೆ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ.

ಹಳೇ ಮೈಸೂರು ಕಡೆಯ ಒಂದು ಹಳ್ಳಿಯಿಂದ ಬಂದ ಗಂಡು ಮಗು. ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನೋಡಿದವರು ಎರಡು ವರ್ಷ ಅನ್ನುತ್ತಿದ್ದರು. ನಾಲಿಗೆಯ ಮುಂಭಾಗ ಬಾಯಿಯೊಳಗೆ ಕೂರುತ್ತಿರಲಿಲ್ಲ. ಸದಾ ಜೊಲ್ಲು, ಒಣಗಿ ಬಿರಿದ ನಾಲಿಗೆಯ ತುದಿ. ನಾಲಿಗೆಯ ಗಾತ್ರ ಕಡಿಮೆ ಮಾಡುವ ಆಪರೇಷನ್‌ಗೆ ಬಂದಿದ್ದರು. ನನ್ನ ಪ್ರಶ್ನೆಗೆ ಆ ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಎಡಗಡೆ ಮಗ್ಗುಲಲ್ಲೇ ಮೇಡಂ. ಅಂಗಾತ ಮಲಗ್ಸಿದ್ರೆ ಗೊರಕೆ ಹೊಡೀತಾನೆ. ಆಮೇಲೆ ಗೊರಕೆ ನಿಂತೋಗುತ್ತೆ. ಆಗ ನಂಗೆ ಎಚ್ಚರ ಆಗುತ್ತೆ. ಎತ್ತಿ ಮಗ್ಗುಲಿಗೆ ತಿರುಗಿಸ್ತೀನಿ."

ಗೊರಕೆ ನಿಂತಾಗ ಎಚ್ಚರ ಆಗುತ್ತೆ. ಈ ಒಂದು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಸದ್ದು ಇರುವಾಗ ಗಾಳಿ ಹೋಗುತ್ತಿದೆ. ಸದ್ದು ನಿಂತಾಗ ನಾಲಿಗೆ ಗಂಟಲ ಹಿಂಭಾಗಕ್ಕೆ ಬಿದ್ದು ದಾರಿ ಮುಚ್ಚಿದೆ. ಮಗ್ಗುಲಿಗೆ ತಿರುಗಿಸಿದರೆ ನಾಲಿಗೆ ಪಕ್ಕಕ್ಕೆ ಜಾರಿ ದಾರಿ ಬಿಡುತ್ತದೆ. ಆ ತಾಯಿ ತಿಂಗಳುಗಟ್ಟಲೆ ರಾತ್ರಿಯೆಲ್ಲ ಮಾಡುತ್ತಿದ್ದದ್ದನ್ನೇ ನಾವು ಓಟಿಯಲ್ಲಿ ಯಂತ್ರಗಳ ಸಹಾಯದಿಂದ ಮಾಡಬೇಕಿತ್ತು.

ಎಲ್ಲರ ಗಮನ ನಾಲಿಗೆಯ ಮೇಲಿರುತ್ತದೆ. ಆದರೆ ಓಟಿಗೆ ಬರುವ ಮೊದಲೇ ಒಂದು ಅಪಾಯ ಕಾದಿರುತ್ತದೆ. ಅದು ಹಸಿವು.

ಅರಿವಳಿಕೆಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಸುವಿನ ಹಾಲು ಅಥವಾ ಪುಡಿ ಹಾಲಾದರೆ 6 ಗಂಟೆ, ಎದೆಹಾಲಾದರೆ 4 ಗಂಟೆ, ನೀರಿನಂತಹ ತಿಳಿ ದ್ರವವಾದರೆ 2 ಗಂಟೆ ಬಿಡುವುದು ವಾಡಿಕೆ. ತಿಳಿ ದ್ರವಕ್ಕೆ 1 ಗಂಟೆ ಸಾಕು ಅಂತ ಈಗ ಹಲವು ಕಡೆ ಒಪ್ಪಿದ್ದಾರೆ. ಸಾಮಾನ್ಯ ಮಕ್ಕಳಿಗೆ ಇದು ಬರೀ ಅಳುವಿನ ವಿಷಯ. ಈ ಸಿಂಡ್ರೋಮ್ ಇರುವ ಹಲವು ಮಕ್ಕಳಲ್ಲಿ ಇನ್ಸುಲಿನ್ ಜಾಸ್ತಿ ಉತ್ಪತ್ತಿಯಾಗುತ್ತದೆ. ಹುಟ್ಟಿದ ದಿನಗಳಲ್ಲಿ ಪ್ರತಿ ಎರಡು ಅಥವಾ ಮೂರು ಮಕ್ಕಳಲ್ಲಿ ಒಬ್ಬರಿಗೆ ಶುಗರ್ ಇಳಿಯುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಬೇರೆ ಮಗು ಉಪವಾಸವಿದ್ದರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಮಾಡುತ್ತದೆ, ಮೆದುಳು ಅದರಲ್ಲಿ ಸ್ವಲ್ಪ ಹೊತ್ತು ನಿಭಾಯಿಸುತ್ತದೆ. ಇನ್ಸುಲಿನ್ ಜಾಸ್ತಿ ಇದ್ದರೆ ಆ ದಾರಿಯೂ ಬಂದ್. ಶುಗರ್ ಇಳಿದರೆ ಮೆದುಳಿಗೆ ಬೇರೆ ಆಹಾರವೇ ಇಲ್ಲ. ಎಚ್ಚರವಿರುವ ಮಗು ಬೆವರಿ, ನಡುಗಿ, ಮಂಕಾಗಿ ನಮಗೆ ಸೂಚನೆ ಕೊಡುತ್ತದೆ. ಅರಿವಳಿಕೆಯಲ್ಲಿರುವ ಮಗು ಏನೂ ಹೇಳುವುದಿಲ್ಲ. ನಿದ್ದೆಯೂ ಶುಗರ್ ಇಳಿದ ಮಂಪರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಈ ವಿಷಯ ನನ್ನನ್ನು ನಾಲಿಗೆಗಿಂತಲೂ ಹೆಚ್ಚು ಕಾಡುತ್ತದೆ. ನಾಲಿಗೆಯ ತೊಂದರೆ ಕ್ಷಣಗಳಲ್ಲಿ ಗೊತ್ತಾಗುತ್ತದೆ, ಮಾನಿಟರ್ ಕೂಗುತ್ತದೆ. ಶುಗರ್ ಇಳಿದರೆ ಯಾವ ಮಾನಿಟರೂ ಕೂಗುವುದಿಲ್ಲ.

ಹಾಗಾಗಿ ಈ ಮಗು ಆ ದಿನದ ಮೊದಲ ಕೇಸ್ ಆಗಿರಬೇಕು. ಹಿಂದಿನ ರಾತ್ರಿಯೇ ಅಡ್ಮಿಟ್ ಮಾಡಿ, ಹಾಲು ನಿಲ್ಲಿಸಿದ ಹೊತ್ತಿಗೆ ಗ್ಲೂಕೋಸ್ ಡ್ರಿಪ್ ಶುರುವಾಗಬೇಕು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಆಗಾಗ ಶುಗರ್ ನೋಡಬೇಕು. 70ರ ಮೇಲಿರಲಿ ಅನ್ನುವುದು ನಮ್ಮ ಗುರಿ. ಆಪರೇಷನ್ ನಡೆಯುವಾಗಲೂ, ಮುಗಿದ ಮೇಲೆ ಮಗು ಚೆನ್ನಾಗಿ ಹಾಲು ಕುಡಿಯುವವರೆಗೂ ಇದು ನಡೆಯಬೇಕು. ರಕ್ತ ಹೋದದ್ದಕ್ಕೆ, ಬಿಪಿ ಇಳಿದದ್ದಕ್ಕೆ ಕೊಡುವ ದ್ರವ ಬೇರೆ ಡ್ರಿಪ್‌ನಲ್ಲಿ ಹೋಗಬೇಕು. ಗ್ಲೂಕೋಸನ್ನು ಅದಕ್ಕೆಂದು ಜೋರಾಗಿ ಬಿಡುವ ಹಾಗಿಲ್ಲ.

ಇದರಲ್ಲಿ ಎಲ್ಲರೂ ಮರೆಯುವ ಜಾಗ ಒಂದಿದೆ. ವಾರ್ಡಿನಿಂದ ಓಟಿಗೆ ಬರುವ ದಾರಿ. ಪಂಪಿನ ಬ್ಯಾಟರಿ ಇಲ್ಲ ಅಂತಲೋ, ಸ್ಟ್ರೆಚರ್‌ಗೆ ಸ್ಟ್ಯಾಂಡ್ ಇಲ್ಲ ಅಂತಲೋ ಡ್ರಿಪ್ ಕಳಚುತ್ತಾರೆ. ಓಟಿಯ ಬಾಗಿಲಲ್ಲಿ ಫಾರ್ಮುಗಳಿಗೆ ಸಹಿ, ಬಟ್ಟೆ ಬದಲಾವಣೆ, ಕಾಯುವುದು. ಡ್ರಿಪ್ ಓಡುತ್ತಿದ್ದಾಗ ದೇಹ ಇನ್ಸುಲಿನ್ ಬಿಡುತ್ತಲೇ ಇತ್ತು. ಗ್ಲೂಕೋಸ್ ಥಟ್ಟನೆ ನಿಂತಿತು, ಇನ್ಸುಲಿನ್ ನಿಲ್ಲಲಿಲ್ಲ. ಶುಗರ್ ಇನ್ನೂ ವೇಗವಾಗಿ ಕುಸಿಯುತ್ತದೆ. ಇಂಥ ಮಗುವಿನ ಜೊತೆ ವಾರ್ಡಿನ ಸಿಸ್ಟರ್ ಒಬ್ಬರು ಡ್ರಿಪ್ ಸಮೇತ ಓಟಿಯ ಒಳಗಿನವರೆಗೂ ಬರಲಿ ಅಂತ ನಾನು ಹಠ ಹಿಡಿಯುತ್ತೇನೆ.

ಇನ್ನು ನಾಲಿಗೆ.

ಸಾಮಾನ್ಯ ಹಸುಗೂಸಿನಲ್ಲೂ ಬಾಯಿಗೆ ಹೋಲಿಸಿದರೆ ನಾಲಿಗೆ ದೊಡ್ಡದೇ. ಈ ಮಕ್ಕಳಲ್ಲಿ ಅದು ಇನ್ನೂ ದೊಡ್ಡದು, ದಪ್ಪ. ಮಂಪರು ಬಂದ ಕೂಡಲೇ ಸ್ನಾಯುಗಳು ಸಡಿಲವಾಗಿ ನಾಲಿಗೆ ಹಿಂದಕ್ಕೆ ಕುಸಿಯುತ್ತದೆ. ಮಾಸ್ಕ್ ಇಟ್ಟು ಗಾಳಿ ಕೊಡುವುದೂ ಕಷ್ಟ, ಗಂಟಲೊಳಗೆ ಟ್ಯೂಬ್ ಹಾಕಲು ಧ್ವನಿಪೆಟ್ಟಿಗೆ ಕಾಣುವುದೂ ಕಷ್ಟ. ಇದರ ಮೇಲೆ ಸಮಯವೂ ಕಮ್ಮಿ. ಮಗುವಿನ ದೇಹ ಕೆಜಿಗೆ ಲೆಕ್ಕ ಹಾಕಿದರೆ ದೊಡ್ಡವರ ಸುಮಾರು ಎರಡರಷ್ಟು ಆಮ್ಲಜನಕ ಬಳಸುತ್ತದೆ. ದೊಡ್ಡ ಲಿವರ್, ದೊಡ್ಡ ಕಿಡ್ನಿ ಹೊಟ್ಟೆಯಿಂದ ಮೇಲೆ ಒತ್ತುವುದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯೂ ಕಡಿಮೆ. ಟ್ಯಾಂಕ್ ಚಿಕ್ಕದು, ನಲ್ಲಿ ಪೂರ್ತಿ ತೆರೆದಿದೆ. ಉಸಿರು ನಿಂತರೆ ದೊಡ್ಡವರಲ್ಲಿ ನಿಮಿಷಗಳು ಸಿಗುತ್ತವೆ. ಇಲ್ಲಿ ಸೆಕೆಂಡುಗಳ ಲೆಕ್ಕ.

ಆದ್ದರಿಂದ ಒಂದು ನಿಯಮವನ್ನು ಬಿಗಿಯಾಗಿ ಹಿಡಿಯುತ್ತೇವೆ. ಮಗುವಿನ ಸ್ವಂತ ಉಸಿರನ್ನು ಸುಮ್ನೆ ನಿಲ್ಲಿಸಬಾರದು. ಮಾಸ್ಕಿನಿಂದ ಗಾಳಿ ಕೊಡಲು ಆಗುತ್ತದೆ ಅಂತ ಖಾತ್ರಿಯಾಗುವವರೆಗೂ ಸ್ನಾಯು ಸಡಿಲಿಸುವ ಔಷಧಿ ಇಲ್ಲ. ವಾರ್ಡಿನಲ್ಲಿ ಕುಡಿಸುವ ನಿದ್ದೆಯ ಸಿರಪ್ ಕೂಡ ಇಲ್ಲ. ಅದರಿಂದ ದಾರಿಯಲ್ಲೇ ನಾಲಿಗೆ ಹಿಂದೆ ಬೀಳಬಹುದು. ಸಿರಪ್ ಇಲ್ಲದೆ ಹೊಸ ಜಾಗದಲ್ಲಿ ಮಗು ಅಳದಿರಬೇಕಾದರೆ ಅಮ್ಮ ಬೇಕು. ಅಮ್ಮನನ್ನು ಓಟಿಯೊಳಗೆ ಕರೆತರಲು ಇವತ್ತಿಗೂ ಕೆಲವು ಕಡೆ ಒಪ್ಪುವುದಿಲ್ಲ. ಅಳು ಬರುತ್ತೆ, ತಲೆ ಸುತ್ತುತ್ತೆ ಅಂತಾರೆ. ಈ ಮಕ್ಕಳ ವಿಷಯದಲ್ಲಿ ಅಮ್ಮ ಒಳಗಿರುವುದು ಅರಿವಳಿಕೆಯ ಭಾಗವೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ತಾಯಿಗೆ ಹಸಿರು ಗೌನು, ಟೋಪಿ ಹಾಕಿಸಿದೆವು. ಮಗು ಟೇಬಲ್ ಮೇಲೆ ಎಡ ಮಗ್ಗುಲಿಗೆ ಮಲಗಿತು, ಮನೆಯಲ್ಲಿ ಮಲಗುವ ಹಾಗೇ. ಅವರು ಬೆನ್ನು ತಟ್ಟುತ್ತಾ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು. ನಾನು ಮಾಸ್ಕ್ ಹಿಡಿದು ಸೆವೊಫ್ಲುರೇನ್ ಎಂಬ ಗ್ಯಾಸನ್ನು ನಿಧಾನವಾಗಿ ಏರಿಸುತ್ತಾ ಹೋದೆ. ಇದು ಉಸಿರಾಟ ನಿಲ್ಲಿಸದೆ ನಿದ್ದೆ ಬರಿಸುತ್ತದೆ. ಮಗು ಮಲಗಿದ ಮೇಲೆ ತಾಯಿಯನ್ನು ಹೊರಗೆ ಕಳಿಸಿದೆವು. ಮಗ್ಗುಲಲ್ಲೇ ಉಸಿರಾಟ ಸರಾಗವಾಗಿತ್ತು. ಮೆತ್ತನೆಯ ಒಂದು ಸಣ್ಣ ನಳಿಗೆಯನ್ನು ಮೂಗಿನಿಂದ ಗಂಟಲವರೆಗೆ ಇಳಿಸಿದೆವು, ನಾಲಿಗೆ ಬಿದ್ದರೂ ಗಾಳಿಗೆ ದಾರಿ ಇರಲಿ ಅಂತ. ಆಮೇಲಷ್ಟೇ ಮೆಲ್ಲಗೆ ಅಂಗಾತ ಮಾಡಿದ್ದು. ಒಬ್ಬರು ಎರಡೂ ಕೈಯಲ್ಲಿ ದವಡೆ ಎತ್ತಿ ಮಾಸ್ಕ್ ಹಿಡಿದರೆ, ಇನ್ನೊಬ್ಬರು ಗಾಳಿ ತಳ್ಳುವ ಬ್ಯಾಗ್ ಒತ್ತಬೇಕು. ಇಂಥ ಮಗುವಿಗೆ ಒಬ್ಬರೇ ಅನಸ್ತೀಶಿಯಾ ಡಾಕ್ಟರ್ ಸಾಕಾಗುವುದಿಲ್ಲ.

ಟ್ಯೂಬ್ ಹಾಕುವ ದಾರಿಗಳು ಹಲವು. ಧ್ವನಿಪೆಟ್ಟಿಗೆ ನೋಡಲು ಬಾಯಿಯೊಳಗೆ ಇಳಿಸುವ ಲ್ಯಾರಿಂಗೋಸ್ಕೋಪ್ ಎಂಬ ಉಪಕರಣ ಕ್ಯಾಮೆರಾ ಸಮೇತ ಈಗ ಬಹಳ ಕಡೆ ಇದೆ, ಅದು ಬಂದಮೇಲೆ ನಮ್ಮ ಕೆಲಸ ಎಷ್ಟೋ ಸುಲಭವಾಗಿದೆ. ಅದಿಲ್ಲದಿದ್ದರೆ ಸಾದಾ ಲ್ಯಾರಿಂಗೋಸ್ಕೋಪಿನ ನೇರ ಪಟ್ಟಿಯನ್ನು (ಬ್ಲೇಡ್) ಬಾಯಿಯ ಮೂಲೆಯಿಂದ, ನಾಲಿಗೆಯನ್ನು ಪಕ್ಕಕ್ಕೆ ಬಿಟ್ಟು ದವಡೆ ಹಲ್ಲಿನ ಜಾಗದ ಕಡೆಯಿಂದ ತೂರಿಸುವ ಹಳೆಯ ವಿಧಾನ ಇದೆ. ನಾಲಿಗೆಯನ್ನು ಎತ್ತುವ ಗೋಜೇ ಇಲ್ಲ. ಕಿರಿಯ ಡಾಕ್ಟರುಗಳು ಇದನ್ನು ಕಲಿಯದೇ ಇರುವುದು ನೋಡಿ ನನಗೆ ಬೇಜಾರಾಗುತ್ತದೆ. ನಾಲಿಗೆಯ ಆಪರೇಷನ್ನಿಗಾದರೆ ಬಾಯಿ ಸರ್ಜನ್‌ಗೆ ಬಿಟ್ಟುಕೊಡಬೇಕು. ಹಾಗಾಗಿ ಟ್ಯೂಬ್ ಮೂಗಿನಿಂದ ಹೋಗಬೇಕು. ಬ್ರಾಂಕೋಸ್ಕೋಪ್ ಎಂಬ, ಒಳಗಿನ ದಾರಿ ತೋರಿಸುವ ತೆಳ್ಳನೆಯ, ಬಾಗುವ ನಳಿಗೆಯ ಮೇಲೆ ಟ್ಯೂಬ್ ಏರಿಸಿ, ದಾರಿ ನೋಡುತ್ತಾ ಇಳಿಸುತ್ತೇವೆ. ಇಷ್ಟೂ ಹೊತ್ತು ಆಮ್ಲಜನಕ ಹೋಗುತ್ತಲೇ ಇರುತ್ತದೆ. ಇಎನ್‌ಟಿ ಸರ್ಜನ್ ಗ್ಲೌಸ್ ಹಾಕಿಕೊಂಡು, ಕುತ್ತಿಗೆಯಲ್ಲಿ ರಂಧ್ರ ಮಾಡುವ ಸೆಟ್ ಬಿಚ್ಚಿಟ್ಟುಕೊಂಡು ಪಕ್ಕದಲ್ಲಿ ನಿಂತಿರುತ್ತಾರೆ.

ಶುರು ಮಾಡುವ ಮೊದಲೇ ಜೋರಾಗಿ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಇಷ್ಟು ಸಲ ಪ್ರಯತ್ನ, ಆಗದಿದ್ದರೆ ಮಗುವನ್ನು ಎಬ್ಬಿಸುತ್ತೇವೆ. ಮತ್ತೆ ಮತ್ತೆ ಚುಚ್ಚಿದರೆ ಗಂಟಲು ಊದಿಕೊಂಡು, ಸುಲಭವಾಗಿದ್ದ ಮಾಸ್ಕ್ ಕೂಡ ಕಷ್ಟವಾಗುತ್ತದೆ. ಎಬ್ಬಿಸಿ ವಾರ್ಡಿಗೆ ಕಳಿಸುವುದು ಸೋಲು ಅಂತ ಯಾರಿಗೂ ಅನಿಸಬಾರದು. ಅಪ್ಪ ಅಮ್ಮನಿಗೂ ಇದನ್ನು ಹಿಂದಿನ ದಿನವೇ ಹೇಳಿರಬೇಕು. ಈ ಮಗುವಿನಲ್ಲಿ ಅದರ ಅಗತ್ಯ ಬರಲಿಲ್ಲ.

ದೇಹದ ಗಾತ್ರದ ಬಗ್ಗೆ ಒಂದು ಮಾತು. ನೋಡಲು ಎರಡು ವರ್ಷದ ಮಗು, ವಯಸ್ಸು ಹತ್ತೋ ಹನ್ನೊಂದೋ ತಿಂಗಳು. ಕಿಡ್ನಿ, ಲಿವರ್ ಎಷ್ಟೇ ದೊಡ್ಡದಿದ್ದರೂ ಅವುಗಳ ವಯಸ್ಸು ಅಷ್ಟೇ. ವಯಸ್ಸಿನ ಸೂತ್ರದಿಂದ ಟ್ಯೂಬಿನ ಅಳತೆ ಹೇಳಿದರೂ ತಪ್ಪಬಹುದು, ತೂಕದಿಂದ ಹೇಳಿದರೂ ತಪ್ಪಬಹುದು. ಹಿಂದೆ ಮುಂದೆ ಎಲ್ಲ ಅಳತೆಯೂ ತೆಗೆದಿಟ್ಟುಕೊಳ್ಳುವುದೊಂದೇ ಉಪಾಯ.

ಆಪರೇಷನ್ ಚೆನ್ನಾಗಿ ಮುಗಿದ ಕೂಡಲೇ ಎಲ್ಲರ ಮುಖ ಸಡಿಲವಾಗುತ್ತದೆ. ನನ್ನ ಪ್ರಕಾರ ಅತ್ಯಂತ ಕಷ್ಟದ ಹೊತ್ತು ಅಲ್ಲಿಂದ ಶುರು. ಕತ್ತರಿಸಿ ಹೊಲಿದ ನಾಲಿಗೆ ಮೊದಲ ಒಂದೆರಡು ದಿನ ಊದಿಕೊಳ್ಳುತ್ತದೆ. ಚಿಕ್ಕದಾಗಲಿ ಅಂತ ಮಾಡಿದ ನಾಲಿಗೆ ಆ ಹೊತ್ತಿಗೆ ಮೊದಲಿಗಿಂತ ದೊಡ್ಡದಾಗಿರಬಹುದು. ಜೊತೆಗೆ ರಕ್ತ, ಜೊಲ್ಲು, ಮಂಪರು. ಹಾಗಾಗಿ ಟ್ಯೂಬ್ ಹಾಗೇ ಇರಲಿ, ಮಗು ಐಸಿಯುನಲ್ಲಿ ನಿದ್ದೆಯಲ್ಲಿರಲಿ ಅನ್ನುವುದೇ ಎಷ್ಟೋ ಸಲ ಸರಿಯಾದ ನಿರ್ಧಾರ. ಊತ ಇಳಿದಿದೆಯಾ, ಟ್ಯೂಬಿನ ಸುತ್ತ ಗಾಳಿ ಸೋರುತ್ತಿದೆಯಾ, ಮಗು ಪೂರ್ತಿ ಎಚ್ಚರವಿದೆಯಾ ಅಂತ ನೋಡಿ, ಹಗಲು ಹೊತ್ತಿನಲ್ಲಿ, ಮತ್ತೆ ಟ್ಯೂಬ್ ಹಾಕಬಲ್ಲವರೆಲ್ಲ ಇರುವಾಗ ತೆಗೆಯಬೇಕು. ಸರ್ಜನ್ ನಾಲಿಗೆಯ ತುದಿಗೆ ಒಂದು ದಾರ ಹಾಕಿರುತ್ತಾರೆ. ನಾಲಿಗೆ ಹಿಂದೆ ಬಿದ್ದರೆ ಅದನ್ನು ಹಿಡಿದು ಮುಂದೆ ಎಳೆಯಬಹುದು. ಪಾಲಕರಿಗೆ ಆ ದಾರ ನೋಡಿ ಗಾಬರಿಯಾಗುತ್ತದೆ. ಮೊದಲೇ ಹೇಳಿಟ್ಟರೆ ಅರ್ಧ ಭಯ ಕಡಿಮೆ.

ಐಸಿಯು ಹಾಸಿಗೆ ಖಾತ್ರಿಯಾಗದೆ ಈ ಕೇಸ್ ಶುರು ಮಾಡಬಾರದು. ಸಂಜೆಯೊಳಗೆ ಬೆಡ್ ಸಿಗುತ್ತೆ, ಶುರು ಮಾಡಿ ಅನ್ನುವ ಒತ್ತಡ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಇರುತ್ತದೆ. ಮುಂದೂಡಿದರೆ ದೂರದಿಂದ ಬಂದ ಅಪ್ಪನ ಕೂಲಿ ಇನ್ನೊಂದು ದಿನ ಹೋಗುತ್ತದೆ ಅಂತ ನನಗೂ ಗೊತ್ತು. ಆದರೂ ಇದರಲ್ಲಿ ನಾನು ಬಗ್ಗುವುದಿಲ್ಲ.

ನೋವಿಗೆ ಪ್ಯಾರಸಿಟಮಾಲ್, ಸರ್ಜನ್ ಹಾಕುವ ಲೋಕಲ್ ಇಂಜೆಕ್ಷನ್ ಮೊದಲು. ಮಾರ್ಫಿನ್ ಜಾತಿಯ ಔಷಧಿಗಳನ್ನು ತೀರ ಕಡಿಮೆ ಕೊಡುತ್ತೇವೆ. ರಾತ್ರಿ ಉಸಿರು ಕಟ್ಟಿಕೊಂಡೇ ಮಲಗಿ ಅಭ್ಯಾಸವಾದ ಮಕ್ಕಳಲ್ಲಿ ಅವುಗಳ ಪರಿಣಾಮ ಜಾಸ್ತಿ.

ಟ್ಯೂಬ್ ತೆಗೆದ ಮೇಲೆ ಮಗುವನ್ನು ಎಡ ಮಗ್ಗುಲಿಗೆ ಮಲಗಿಸಿದೆವು. ಐಸಿಯುವಿನ ಸಿಸ್ಟರ್ ಚಾರ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು: ಅಂಗಾತ ಬೇಡ. ಅಮ್ಮನಿಗೆ ಪಕ್ಕದಲ್ಲಿ ಕೂರಲು ಕುರ್ಚಿ ಹಾಕಿಕೊಟ್ಟೆವು. ರಾತ್ರಿಪಾಳಿಯ ಡಾಕ್ಟರಿಗೆ ನಾನು ಹೇಳಿದ್ದು ಇಷ್ಟೇ. ಮಾನಿಟರಿನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಎಷ್ಟೇ ಚೆನ್ನಾಗಿ ತೋರಿಸುತ್ತಿರಲಿ, ಉಸಿರಿನ ಸದ್ದು ಬದಲಾಗಿದೆ ಅಂತ ಆ ತಾಯಿ ಹೇಳಿದರೆ ಎದ್ದು ಹೋಗಿ ನೋಡಿ.

ಮನೆಗೆ ಹೋಗುವ ದಿನ ಅವರು ಕೇಳಿದರು, "ಇನ್ನು ಮೇಲೆ ಇದೆಲ್ಲ ಇರಲ್ಲ ಅಲ್ವಾ ಮೇಡಂ?" ಹಾಗೆ ಮಾತು ಕೊಡಲು ಬರುವುದಿಲ್ಲ. ವಯಸ್ಸಾದಂತೆ ದವಡೆ ಬೆಳೆದು ನಾಲಿಗೆಗೆ ಜಾಗವಾಗುತ್ತದೆ, ದೇಹದ ಬೆಳವಣಿಗೆಯ ವೇಗವೂ ಇಳಿಯುತ್ತದೆ, ಹೆಚ್ಚಿನ ಮಕ್ಕಳ ಬುದ್ಧಿಗೆ ಏನೂ ತೊಂದರೆಯಿಲ್ಲ. ಇದನ್ನೆಲ್ಲ ಖುಷಿಯಿಂದ ಹೇಳಿದೆ. ಆದರೆ ಹರ್ನಿಯಾಗೋ, ಕಾಲಿನ ಉದ್ದ ಸರಿಪಡಿಸಲೋ ಮತ್ತೆ ಓಟಿಗೆ ಬರಬೇಕಾಗಬಹುದು. ಚಿಕ್ಕ ವಯಸ್ಸಿನಲ್ಲಿ ಕಿಡ್ನಿ, ಲಿವರ್‌ಗಳಲ್ಲಿ ಗೆಡ್ಡೆಯಾಗುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು. ಅದಕ್ಕೇ ಏಳು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು ಅನ್ನುವುದು ಸಾಮಾನ್ಯ ಸಲಹೆ. ಬೇಗ ಸಿಕ್ಕರೆ ಚಿಕಿತ್ಸೆ ಚೆನ್ನಾಗಿ ಆಗುತ್ತದೆ. ಸ್ಕ್ಯಾನ್‌ಗೆ ಬೆಂಗಳೂರಿಗೇ ಬರಬೇಕಿಲ್ಲ, ಜಿಲ್ಲಾ ಕೇಂದ್ರದಲ್ಲೂ ಮಾಡಿಸಬಹುದು.

ಇಂಥ ಮಗುವಿಗೆ ಅರಿವಳಿಕೆ ಕೊಟ್ಟ ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಜನರಲ್ ಅನಸ್ತೀಶಿಯಾ ಕೊಡಲಾಯಿತು' ಅಂತ ಒಂದು ಸಾಲು ಬರೆದು ಬಿಡಬೇಡಿ. ಬೇರೆ ಹಾಳೆಯಲ್ಲಿ ಬಿಡಿಸಿ ಬರೆದು ಕೊಡಿ. ಮಾಸ್ಕಿನಿಂದ ಗಾಳಿ ಕೊಡುವುದು ಸುಲಭವಾಗಿತ್ತಾ, ಯಾವ ಭಂಗಿಯಲ್ಲಿ, ಯಾವ ಉಪಕರಣದಿಂದ ಟ್ಯೂಬ್ ಹಾಕಿದಿರಿ, ಅಳತೆ ಎಷ್ಟು, ಎಷ್ಟನೇ ಪ್ರಯತ್ನಕ್ಕೆ ಆಯಿತು, ಶುಗರ್ ಎಲ್ಲಿವರೆಗೆ ಇಳಿಯಿತು, ಯಾವ ಡ್ರಿಪ್ ಎಷ್ಟು ವೇಗದಲ್ಲಿ ಓಡಿತು. ಅಪ್ಪ ಅಮ್ಮ ಆ ಹಾಳೆಯ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಲಿ. ಅಜ್ಜಿ ಮನೆಗೆ ಹೋದಾಗ ಮಗು ಬಿದ್ದು ಕೈ ಮುರಿದುಕೊಂಡರೆ, ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರ್ ಅದನ್ನು ಓದಿ, ಈ ಮಗುವಿಗೆ ತಾವೇ ಅರಿವಳಿಕೆ ಕೊಡಬಹುದಾ ಅಥವಾ ಕೈಗೆ ಪಟ್ಟಿ ಕಟ್ಟಿ, ಗ್ಲೂಕೋಸ್ ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾ ಅಂತ ಅಲ್ಲೇ ತೀರ್ಮಾನ ಮಾಡಬಹುದು.